ಗೇಶಾ: ಕಲೆಯ ಲೆಕ್ಕ, ಸಾಲದ ಲೆಕ್ಕ

ಹಳೆಯ ಜಪಾನಿನ ಮರದಚ್ಚಿನ ವರ್ಣಚಿತ್ರವೊಂದು ನಿಮ್ಮ ಕೈಗೆ ಸಿಕ್ಕಿತೆನ್ನಿ. ಅದರಲ್ಲಿರುವ ಹೆಂಗಸಿನ ಮುಖವನ್ನು ಆಮೇಲೆ ನೋಡಿ, ಮೊದಲು ಆಕೆಯ ನಡುಪಟ್ಟಿಯನ್ನು ನೋಡಿ. ಕಿಮೊನೊ ಎಂಬ ನಿಲುವಂಗಿಯ ಮೇಲೆ ಸೊಂಟಕ್ಕೆ ಬಿಗಿಯುವ ಈ ಅಗಲವಾದ ಪಟ್ಟಿಯನ್ನು ಜಪಾನೀಯರು 'ಓಬಿ' ಎನ್ನುತ್ತಾರೆ. ಅದರ ಗಂಟು ದೊಡ್ಡದಾಗಿ ಮುಂಭಾಗದಲ್ಲಿದ್ದು, ತಲೆಯಲ್ಲಿ ಸಿಕ್ಕಿಸಿದ ಸೂಜಿಗಳೂ ಬಾಚಣಿಗೆಗಳೂ ಸೂರ್ಯನ ಕಿರಣಗಳಂತೆ ಚಾಚಿಕೊಂಡಿದ್ದರೆ ಆಕೆ ಬಹುಮಟ್ಟಿಗೆ 'ಒಯಿರಾನ್', ಅಂದರೆ ಮೇಲ್ದರ್ಜೆಯ ವೇಶ್ಯೆ. ಗಂಟು ಬೆನ್ನಿನ ಕಡೆಗಿದ್ದು, ಉಡುಪಿನಲ್ಲಿ ಹೆಚ್ಚು ಆಡಂಬರವಿಲ್ಲದೆ, ಮಗ್ಗುಲಲ್ಲಿ ಮೂರು ತಂತಿಯ ವಾದ್ಯವೊಂದಿದ್ದರೆ ಆಕೆ ಗೇಶಾ ಆಗಿರುವ ಸಂಭವವೇ ಹೆಚ್ಚು. ಗಂಟು ಹಿಂದಿದೆಯೋ ಮುಂದಿದೆಯೋ ಎಂಬ ಈ ಸಣ್ಣ ವ್ಯತ್ಯಾಸದಲ್ಲಿ ಎರಡು ಬೇರೆ ಬೇರೆ ವೃತ್ತಿಗಳು ಅಡಗಿದ್ದವು. ಹೊರಗಿನ ಪ್ರಪಂಚ ಬಹುಕಾಲ ಇವೆರಡನ್ನೂ ಒಂದೇ ಎಂದುಕೊಂಡಿತ್ತು. ಈಗಲೂ ಹಾಗೆಂದುಕೊಂಡವರು ಕಡಿಮೆಯೇನಿಲ್ಲ.

'ಗೇ' ಎಂದರೆ ಕಲೆ, 'ಶಾ' ಎಂದರೆ ವ್ಯಕ್ತಿ. ಅಂದಮೇಲೆ ಗೇಶಾ ಎಂದರೆ ಕಲೆಯನ್ನು ವೃತ್ತಿಯಾಗಿಸಿಕೊಂಡವರು, ಇಷ್ಟೇ. ಪದದಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ. ಈ ಹೆಸರನ್ನು ಮೊದಲು ಪಡೆದವರು ಗಂಡಸರು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಕಿರುತೆರೆಯ ಮೇಲೆ ಹತ್ತು ನಿಮಿಷದಲ್ಲಿ ಹೇಳಲು ಹೊರಟರೆ ಇಂಥ ಸಂಗತಿಗಳು ಕತ್ತರಿಗೆ ಬಲಿಯಾಗುತ್ತವೆ. ಬಣ್ಣಬಣ್ಣದ ಉಡುಪು, ಬೆಳ್ಳನೆಯ ಮುಖ ಮಾತ್ರ ಉಳಿಯುತ್ತವೆ. ಈ ಪುಟಗಳಲ್ಲಿ ಆ ತೊಂದರೆಯಿಲ್ಲ. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಬರೋಣ.

ಗೇಶಾಗಳ ಪೂರ್ವಜರನ್ನು ಕೆಲವರು 12ನೆಯ ಶತಮಾನದ 'ಶಿರಬ್ಯೋಶಿ' ನರ್ತಕಿಯರಲ್ಲಿ ಹುಡುಕುತ್ತಾರೆ. ಗಂಡಸರ ಉಡುಪು ತೊಟ್ಟು, ಸೊಂಟಕ್ಕೆ ಕತ್ತಿ ಸಿಕ್ಕಿಸಿ ಕುಣಿಯುತ್ತಿದ್ದವರು ಅವರು. ವೀರ ಯೋಶಿತ್ಸುನೆಯ ಪ್ರೇಯಸಿ ಶಿಜುಕಾ ಅವರಲ್ಲಿ ಪ್ರಸಿದ್ಧಳು. ಆದರೆ ಅವರಿಗೂ ಗೇಶಾಗಳಿಗೂ ನಡುವೆ ಐದಾರು ಶತಮಾನಗಳ ಅಂತರವಿದೆ. ವಂಶಾವಳಿಯನ್ನು ಇಷ್ಟು ಉದ್ದಕ್ಕೆ ಎಳೆಯುವುದು ನನಗೇನೂ ಸರಿಕಾಣದು. ನಿಜವಾದ ಕಥೆ ಶುರುವಾಗುವುದು ತೊಕುಗಾವಾ ಮನೆತನದ ಆಳ್ವಿಕೆಯಲ್ಲಿ.

1603ರಲ್ಲಿ ತೊಕುಗಾವಾ ಇಯೆಯಾಸು ಶೋಗನ್ ಪದವಿಗೇರಿದ. ನೂರಾರು ವರ್ಷ ಹೊಡೆದಾಡಿಕೊಂಡಿದ್ದ ದೇಶದಲ್ಲಿ ಶಾಂತಿ ನೆಲೆಸಿತು. ಇಂದಿನ ಟೋಕಿಯೊ ಆಗಿರುವ ಎದೋ ಪಟ್ಟಣ ಬೆಳೆಯತೊಡಗಿತು. ಕೆಲಸವಿಲ್ಲದ ಸಮುರಾಯಿಗಳು, ಕೈಯಲ್ಲಿ ಹಣ ಓಡಾಡುತ್ತಿದ್ದ ವ್ಯಾಪಾರಿಗಳು, ಊರು ಬಿಟ್ಟು ಬಂದ ಕೂಲಿಗಳು, ಹೀಗೆ ಊರು ತುಂಬ ಗಂಡಸರು. ಈ ಸರ್ಕಾರಕ್ಕೆ ಎಲ್ಲವನ್ನೂ ಗೆರೆ ಎಳೆದು ವಿಂಗಡಿಸುವ ಚಟ. ಯಾವ ಜಾತಿಯವರು ಯಾವ ಬಟ್ಟೆ ತೊಡಬೇಕು ಎಂಬುದಕ್ಕೂ ಅಲ್ಲಿ ಕಟ್ಟಳೆಯಿತ್ತು. ವೇಶ್ಯಾವೃತ್ತಿಯನ್ನೂ ಹಾಗೆಯೇ ಒಂದು ಆವರಣದೊಳಗೆ ಕೂಡಿ, ಪರವಾನಗಿ ಕೊಟ್ಟು, ಕಾವಲಿಟ್ಟಿತು. ಎದೋದ ಯೋಶಿವಾರಾಕ್ಕೆ 1617ರಲ್ಲಿ ಅನುಮತಿ ದೊರೆಯಿತು. 1657ರ ಮಹಾ ಅಗ್ನಿ ಅನಾಹುತದ ನಂತರ ಅದು ಅಸಾಕುಸಾದ ಆಚೆಗೆ ಸ್ಥಳಾಂತರಗೊಂಡಿತು. ಸುತ್ತ ಕಂದಕ, ಒಂದೇ ಹೆಬ್ಬಾಗಿಲು. ಒಳಗಿನ ಹೆಂಗಸರು ಹೊರಗೆ ಬರುವಂತಿರಲಿಲ್ಲ. ಕ್ಯೋತೊದಲ್ಲಿ ಶಿಮಾಬಾರಾ, ಒಸಾಕಾದಲ್ಲಿ ಶಿನ್‌ಮಾಚಿ ಇದೇ ಬಗೆಯವು.

ಈ ಆವರಣಗಳೊಳಗೆ ಔತಣಕೂಟಗಳು ನಡೆಯುತ್ತಿದ್ದವು. ಅತಿಥಿಗಳನ್ನು ನಗಿಸಲು, ಹಾಡಲು, ತಮ್ಮಟೆ ಬಡಿಯಲು, ಕಥೆ ಹೇಳಲು ಗಂಡಸರು ಬರುತ್ತಿದ್ದರು. ಇವರಿಗೆ 'ತಾಯಿಕೊಮೋಚಿ', ಎಂದರೆ ತಮ್ಮಟೆ ಹೊತ್ತವರು, ಎಂದು ಹೆಸರು. ಗೇಶಾ ಎಂದೂ ಇವರನ್ನೇ ಕರೆದರು. ನಮ್ಮ ಹಳೆಯ ಆಸ್ಥಾನಗಳ ವಿದೂಷಕರನ್ನು ಕಲ್ಪಿಸಿಕೊಂಡರೆ ಹೆಚ್ಚು ತಪ್ಪಾಗದು. ಆವರಣದ ಹೊರಗೆ 'ಒದೊರಿಕೊ' ಎಂಬ ಎಳೆಯ ನರ್ತಕಿಯರು ಸಮುರಾಯಿಗಳ ಮನೆಗಳಲ್ಲಿ ಕುಣಿದು ಸಂಪಾದಿಸುತ್ತಿದ್ದರು. ವಯಸ್ಸು ಮೀರಿದ ಮೇಲೆ ಅವರು ತಮ್ಮನ್ನು 'ನರ್ತಿಸುವ ಮಕ್ಕಳು' ಎಂದು ಕರೆದುಕೊಳ್ಳುವಂತಿರಲಿಲ್ಲವಷ್ಟೆ. ಬೇರೆ ಹೆಸರು ಬೇಕಾಯಿತು. 1750ರ ಸುಮಾರಿಗೆ ಎದೋದ ಫುಕಾಗಾವಾ ಬಡಾವಣೆಯಲ್ಲಿದ್ದ ಕಿಕುಯಾ ಎಂಬ ವಾದಕಿ ತನ್ನನ್ನು ಗೇಶಾ ಎಂದು ಕರೆದುಕೊಂಡ ಮೊದಲ ಹೆಣ್ಣು ಎಂದು ಹೇಳುವುದುಂಟು. ಅದೇ ದಶಕದಲ್ಲಿ ಕ್ಯೋತೊದ ಶಿಮಾಬಾರಾದಲ್ಲೂ ತಮ್ಮಟೆ ಹೊತ್ತ ಹೆಂಗಸರು ಕಾಣಿಸಿಕೊಂಡರು. ಮುಂದಿನ ಮೂವತ್ತು ನಲವತ್ತು ವರ್ಷಗಳಲ್ಲಿ ಗಂಡಸರು ಹಿಂದೆ ಬಿದ್ದರು. 1800ರ ವೇಳೆಗೆ ಬರಿದೆ ಗೇಶಾ ಎಂದರೆ ಹೆಂಗಸು ಎಂದೇ ಅರ್ಥ ಬಂದಿತ್ತು.

ಇನ್ನು ಮುಂದಿನ ಸಂಗತಿಯನ್ನು ಚೆನ್ನಾಗಿ ಗಮನಿಸಿ. ಔತಣಕ್ಕೆ ಬಂದವರು ದುಬಾರಿ ವೇಶ್ಯೆಯರನ್ನು ಬಿಟ್ಟು ಹಾಡುವ ಹೆಂಗಸರ ಮಾತಿಗೆ ಕಿವಿಗೊಡತೊಡಗಿದರೆ ವೇಶ್ಯಾಗೃಹಗಳ ಯಜಮಾನರಿಗೆ ನಷ್ಟವಲ್ಲವೆ? 1779ರಲ್ಲಿ ಯೋಶಿವಾರಾದಲ್ಲಿ 'ಕೆನ್‌ಬಾನ್' ಎಂಬ ನೋಂದಣಿ ಕಚೇರಿ ತೆರೆಯಿತು. ಗೇಶಾಗಳೆಲ್ಲ ಅಲ್ಲಿ ಹೆಸರು ಬರೆಸಬೇಕು. ಒಬ್ಬೊಬ್ಬರೇ ಕೂಟಕ್ಕೆ ಹೋಗಕೂಡದು, ಇಬ್ಬರು ಮೂವರು ಸೇರಿಯೇ ಹೋಗಬೇಕು. ಅತಿಥಿಯ ಮಗ್ಗುಲಲ್ಲಿ ಅಂಟಿಕೊಂಡು ಕೂರಬಾರದು. ಉಡುಪು ಸರಳವಾಗಿರಬೇಕು, ತಲೆಗೆ ಮೂರು ನಾಲ್ಕಕ್ಕಿಂತ ಹೆಚ್ಚು ಸೂಜಿ ಬೇಡ. ಮೈಯನ್ನು ಮಾರುವಂತಿಲ್ಲ. ನಾವು ಓದುವಾಗ ಇವು ಹೆಣ್ಣಿನ ಮಾನ ಕಾಯುವ ನಿಯಮಗಳಂತೆ ಕಾಣುತ್ತವೆ. ವಾಸ್ತವದಲ್ಲಿ ಇವು ಕಾದದ್ದು ವೇಶ್ಯಾಗೃಹದ ಗಲ್ಲಾಪೆಟ್ಟಿಗೆಯನ್ನು! ನಿಯಮವನ್ನು ಮುರಿದವರೂ ಇದ್ದರು, ಮುರಿಯುವಂತೆ ಒತ್ತಾಯಕ್ಕೊಳಗಾದವರೂ ಇದ್ದರು. ಆದರೆ ಪರರ ಲಾಭಕ್ಕಾಗಿ ಎಳೆದ ಈ ಗೆರೆಯೊಳಗೆ ನಿಂತೇ ಆ ಹೆಂಗಸರು ತಮ್ಮ ಕಲೆಗೆ ಒಂದು ಮರ್ಯಾದೆ ಸಂಪಾದಿಸಿಕೊಂಡರು. ಮಾರಲು ಕಲೆಯೊಂದೇ ಉಳಿದಾಗ ಕಲೆ ಹರಿತವಾಗಲೇಬೇಕಲ್ಲ.

ಆಡಂಬರ ಬೇಡವೆಂದ ಕಟ್ಟಳೆಯಿಂದ ಒಂದು ಸೌಂದರ್ಯಪ್ರಜ್ಞೆಯೇ ಹುಟ್ಟಿತು ಎನ್ನಬಹುದು. ಫುಕಾಗಾವಾದ ಗೇಶಾಗಳು ಗಂಡಸರ ಮೇಲಂಗಿ ತೊಟ್ಟು, ಗಂಡು ಹೆಸರುಗಳನ್ನಿಟ್ಟುಕೊಂಡು, ಕೊರೆಯುವ ಚಳಿಯಲ್ಲೂ ಬರಿಗಾಲಿನಲ್ಲಿ ನಡೆಯುತ್ತಿದ್ದರು. ಈ ಠೀವಿಗೆ 'ಇಕಿ' ಎಂದು ಹೆಸರು. ಕಡಿಮೆ ಬಣ್ಣ, ಬೂದಿ, ಕಂದು, ಕಡುನೀಲಿ ಇವೇ ಸೊಗಸು. ಶ್ರೀಮಂತಿಕೆ ಇದ್ದರೆ ಅದು ಒಳಪದರದಲ್ಲಿರಲಿ ಎಂಬ ಧೋರಣೆ. ಕುಕಿ ಶೂಜೊ ಎಂಬ ತತ್ತ್ವಜ್ಞಾನಿ 1930ರಲ್ಲಿ ಈ ಒಂದು ಪದವನ್ನು ಕುರಿತೇ ಪುಸ್ತಕ ಬರೆದ. ಇಂದು ಜಪಾನೀ ಅಭಿರುಚಿ ಎಂದು ಜಗತ್ತು ಮೆಚ್ಚುವುದರಲ್ಲಿ ಈ ಬರಿಗಾಲಿನ ಹೆಂಗಸರ ಪಾಲೂ ಇದೆ.

ಗೇಶಾಗಳ ಮುಖ್ಯ ವಾದ್ಯ 'ಶಮಿಸೆನ್'. ಚೀನಾದಿಂದ ರ್‍ಯೂಕ್ಯೂ ದ್ವೀಪಗಳಿಗೆ ಬಂದು, ಅಲ್ಲಿಂದ 16ನೆಯ ಶತಮಾನದಲ್ಲಿ ಜಪಾನಿಗೆ ಬಂದದ್ದು. ಚೌಕನೆಯ ಪೆಟ್ಟಿಗೆಗೆ ಬೆಕ್ಕಿನ ಅಥವಾ ನಾಯಿಯ ಚರ್ಮ ಹೊದಿಸಿ, ಮೂರು ರೇಷ್ಮೆ ತಂತಿ ಬಿಗಿದು, ಅಗಲವಾದ ಮೀಟುಗೋಲಿನಿಂದ ನುಡಿಸುತ್ತಾರೆ. ಮೀಟು ತಂತಿಗೂ ಚರ್ಮಕ್ಕೂ ಒಟ್ಟಿಗೇ ತಾಗುವುದರಿಂದ ನಾದದೊಡನೆ ತಾಳವೂ ಹುಟ್ಟುತ್ತದೆ. ಇದರ ಜೊತೆಗೆ ನೃತ್ಯ, ಹಾಡು, ತಮ್ಮಟೆ, ಕೊಳಲು, ಚಹಾ ನೀಡುವ ವಿಧಿ, ಇವೆಲ್ಲದರ ಮೇಲೆ ಮಾತಿನ ಕಲೆ. ಕೂಟದಲ್ಲಿ ಮಂತ್ರಿಯೂ ವ್ಯಾಪಾರಿಯೂ ಆಡಿದ ಗುಟ್ಟು ಕೂಟದಿಂದಾಚೆ ಹೋಗಬಾರದು. ಬಾಯಿ ಬಿಡದಿರುವುದೂ ಅಲ್ಲಿ ವೃತ್ತಿಧರ್ಮ.

ವಿಜ್ಞಾನ ಓದಿಕೊಂಡ ನನಗೆ ಹಿಡಿಸಿದ ವಿವರಗಳೆರಡನ್ನು ಇಲ್ಲಿ ಹೇಳಿಬಿಡುತ್ತೇನೆ. ಗಡಿಯಾರ ಮನೆಮನೆಗೆ ಬರುವ ಮುಂಚೆ ಗೇಶಾ ಎಷ್ಟು ಹೊತ್ತು ಕೂಟದಲ್ಲಿದ್ದಳು ಎಂಬುದನ್ನು ಊದುಬತ್ತಿ ಉರಿಸಿ ಅಳೆಯುತ್ತಿದ್ದರು. ಒಂದೇ ದಪ್ಪದ, ಒಂದೇ ಹದದ ಬತ್ತಿ ಗಾಳಿಯಾಡದ ಕಡೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಉರಿಯುತ್ತದಷ್ಟೆ. ಎಷ್ಟು ಬತ್ತಿ ಮುಗಿದವೋ ಅಷ್ಟು ಹಣ. ಆಕೆಯ ಸಂಭಾವನೆಗೆ 'ಊದುಬತ್ತಿಯ ಹಣ' ಎಂದೇ ಹೆಸರಿತ್ತು. ಇನ್ನೊಂದು, ಮುಖದ ಆ ಬಿಳಿಯ ಲೇಪ. ಮೇಣದಬತ್ತಿಯ ಮಂದ ಬೆಳಕಿನಲ್ಲಿ ಮುಖ ಎದ್ದು ಕಾಣಲು ಬಿಳಿ ಬಣ್ಣ ಬೇಕಿತ್ತು. ಸ್ಟುಡಿಯೋದಲ್ಲಿ ದೀಪ ಹೊಂದಿಸುವವರು ಇದನ್ನು ಸುಲಭವಾಗಿ ಒಪ್ಪುತ್ತಾರೆ. ಆದರೆ ಹಿಂದೆ ಆ ಲೇಪಕ್ಕೆ ಬಳಸುತ್ತಿದ್ದುದು ಸೀಸದ ಬಿಳಿ. ಸೀಸ ಚರ್ಮದಿಂದಲೂ ಉಸಿರಿನಿಂದಲೂ ಒಳಸೇರಿ ನರಗಳನ್ನು ಕೆಡಿಸುತ್ತದೆ. 1887ರಲ್ಲಿ ಚಕ್ರವರ್ತಿಯ ಎದುರಿನಲ್ಲೇ ಅಭಿನಯಿಸುತ್ತಿದ್ದ ಕಬುಕಿ ನಟನೊಬ್ಬನ ಕಾಲು ನಡುಗತೊಡಗಿದಾಗ ಈ ವಿಷದ ವಿಚಾರ ದೊಡ್ಡ ಸುದ್ದಿಯಾಯಿತು. ಸೀಸದ ಲೇಪದ ತಯಾರಿಕೆ ಪೂರ್ತಿಯಾಗಿ ನಿಂತದ್ದು 1930ರ ದಶಕದಲ್ಲಿ. ಅಷ್ಟರಲ್ಲಿ ಎಷ್ಟು ಮಂದಿ ಗೇಶಾಗಳ ಮೈಗೆ ಅದು ಸೇರಿತ್ತೋ!

ಈಗ ಸಾಲದ ಮಾತಿಗೆ ಬರೋಣ. ಗೇಶಾಗಳು ವಾಸಿಸುವ ಮನೆ 'ಒಕಿಯಾ'. ಯಜಮಾನಿಯನ್ನು 'ಅಮ್ಮ' ಎಂದೂ ಹಿರಿಯ ಗೇಶಾಳನ್ನು 'ಅಕ್ಕ' ಎಂದೂ ಕರೆಯುವುದು ರೂಢಿ. ಹೊಸ ಹುಡುಗಿಯೂ ಅಕ್ಕನೂ ಮೂರು ಬಟ್ಟಲುಗಳಿಂದ ಮೂರು ಮೂರು ಗುಟುಕು ಅಕ್ಕಿಯ ಮದ್ಯ ಹೀರಿ ಈ ಸಂಬಂಧವನ್ನು ಕಟ್ಟಿಕೊಳ್ಳುತ್ತಾರೆ. ಜಪಾನಿನ ಮದುವೆಯಲ್ಲೂ ಇದೇ ಶಾಸ್ತ್ರ. ಕೇಳಲು ಇಂಪಾಗಿದೆ. ಆದರೆ ಹಿಂದಿನ ಕಾಲದಲ್ಲಿ ಈ 'ಅಮ್ಮ' ಬಡ ತಂದೆತಾಯಿಗೆ ಮುಂಗಡ ಕೊಟ್ಟು ಮಗುವನ್ನು ತಂದಿರುತ್ತಿದ್ದಳು. ಮುಂಗಡ, ಅದರ ಬಡ್ಡಿ, ಊಟ, ಪಾಠದ ಶುಲ್ಕ, ರೇಷ್ಮೆಯ ಕಿಮೊನೊ ಎಲ್ಲವೂ ಹುಡುಗಿಯ ಹೆಸರಿನ ಲೆಕ್ಕಕ್ಕೆ. ಕಲಿತಷ್ಟೂ ಸಾಲ ಬೆಳೆಯುತ್ತಿತ್ತು. ಸಾಲ ತೀರುವವರೆಗೆ ಮನೆ ಬಿಡುವಂತಿಲ್ಲ. ಹಣವಂತ ಪೋಷಕನೊಬ್ಬ ಸಿಕ್ಕಿ ಸಾಲ ತೀರಿಸಬೇಕು, ಇಲ್ಲವೇ ವರ್ಷಗಟ್ಟಲೆ ದುಡಿಯಬೇಕು. ಎಷ್ಟೋ ಮನೆಗಳಲ್ಲಿ ಎಳೆಯ ಹುಡುಗಿಯರ ಮೈಯನ್ನೂ ಹಣಕ್ಕಾಗಿ ಬಳಸಿಕೊಂಡದ್ದುಂಟು. ಇದನ್ನು ಮರೆಮಾಚಿ ಬರೀ ಶಮಿಸೆನ್ನಿನ ನಾದ ಕೇಳಿಸುವುದು ಚರಿತ್ರೆ ಆಗಲಾರದು.

ಈ ಸಾಲದ ಲೆಕ್ಕ ಬಯಲಿಗೆ ಬಂದದ್ದು ಒಂದು ಹಡಗಿನ ದೆಸೆಯಿಂದ. 1872ರ ಜುಲೈ ತಿಂಗಳಲ್ಲಿ ಪೆರು ದೇಶದ 'ಮರಿಯಾ ಲೂಸ್' ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ದುರಸ್ತಿಗೆಂದು ಯೋಕೊಹಾಮಾ ಬಂದರಿಗೆ ಬಂತು. ಅದರಲ್ಲಿ 230ಕ್ಕೂ ಹೆಚ್ಚು ಚೀನೀ ಕೂಲಿಗಳು. ಮಕಾವ್‌ನಿಂದ ಪೆರುವಿಗೆ ಅವರನ್ನು ಒಪ್ಪಂದದ ಹೆಸರಿನಲ್ಲಿ ಸಾಗಿಸುತ್ತಿದ್ದರು. ಒಬ್ಬ ಕೂಲಿ ನೀರಿಗೆ ಹಾರಿ ಈಜಿ ಬ್ರಿಟಿಷ್ ಯುದ್ಧನೌಕೆಯೊಂದನ್ನು ಸೇರಿ, ಒಳಗಿನ ಹಿಂಸೆಯನ್ನು ಹೇಳಿದ. ಜಪಾನೀ ಅಧಿಕಾರಿ ಓಯೆ ತಾಕು ವಿಚಾರಣೆ ನಡೆಸಿ, ಮನುಷ್ಯರನ್ನು ಹೀಗೆ ಕಟ್ಟಿಹಾಕುವ ಒಪ್ಪಂದ ಸಿಂಧುವಲ್ಲವೆಂದ. ಕೂಲಿಗಳೆಲ್ಲ ಬಿಡುಗಡೆಯಾಗಿ ತಾಯ್ನಾಡಿಗೆ ಮರಳಿದರು.

ಆದರೆ ಹಡಗಿನ ಕಪ್ತಾನನ ಪರ ವಾದಿಸಿದ ಇಂಗ್ಲಿಷ್ ವಕೀಲ ಡಿಕಿನ್ಸ್ ನ್ಯಾಯಾಲಯದ ಮುಂದೆ ಒಂದು ಕಾಗದ ಹಿಡಿದ. ಅದು ಯೋಕೊಹಾಮಾದ ವೇಶ್ಯೆಯೊಬ್ಬಳ ಕರಾರುಪತ್ರ. ನಿಮ್ಮ ದೇಶದಲ್ಲೇ ಹೆಣ್ಣುಗಳನ್ನು ಹೀಗೆ ಬರೆಸಿಕೊಳ್ಳುತ್ತಿರುವಾಗ ನನ್ನ ಕಕ್ಷಿಯ ಒಪ್ಪಂದ ಹೇಗೆ ತಪ್ಪಾದೀತು ಎಂಬುದು ಅವನ ವಾದದ ತಿರುಳು. ವಕೀಲನ ಉದ್ದೇಶ ಹೆಣ್ಣುಗಳ ಬಿಡುಗಡೆಯೇನೂ ಅಲ್ಲ. ಹೊಸ ಮೇಜಿ ಸರ್ಕಾರ ಮಾತ್ರ ಪರದೇಶದವರೆದುರು ತಲೆ ತಗ್ಗಿಸುವಂತಾಯಿತು. ಅದೇ ವರ್ಷದ ನವೆಂಬರಿನಲ್ಲಿ ವೇಶ್ಯೆಯರನ್ನೂ ಗೇಶಾಗಳನ್ನೂ ಕರಾರುಗಳಿಂದ ಬಿಡುಗಡೆ ಮಾಡುವ ಆಜ್ಞೆ ಹೊರಬಿತ್ತು. ನ್ಯಾಯಾಂಗ ಇಲಾಖೆಯ ಸುತ್ತೋಲೆಯ ತರ್ಕ ವಿಚಿತ್ರವಾಗಿತ್ತು: ಈ ಹೆಂಗಸರು ಮನುಷ್ಯರ ಹಕ್ಕುಗಳನ್ನು ಕಳೆದುಕೊಂಡು ದನ ಕುದುರೆಗಳಿಗೆ ಸಮವಾಗಿದ್ದಾರೆ, ದನ ಕುದುರೆಗಳಿಂದ ಸಾಲ ವಸೂಲು ಮಾಡುವುದುಂಟೆ? ಆದ್ದರಿಂದ ಅವರ ಸಾಲ ವಜಾ! ಜನ ಇದನ್ನು 'ದನ ಬಿಡಿಸುವ ಆಜ್ಞೆ' ಎಂದು ಗೇಲಿಮಾಡಿದರು. ಬಿಡುಗಡೆಯ ಕಾಗದದಲ್ಲೇ ಇಂಥ ಅವಮಾನ ಬರೆದಿಟ್ಟ ಇನ್ನೊಂದು ಉದಾಹರಣೆ ನನಗೆ ತಿಳಿಯದು.

ಸಾಲವೇನೋ ವಜಾ ಆಯಿತು. ಹೊರಗೆ ಹೋಗಿ ಉಣ್ಣುವುದೇನು? ಮರುವರ್ಷದಿಂದಲೇ ಹೊಸ ಪರವಾನಗಿ, ಹೊಸ ಹೆಸರಿನ ಕರಾರು, ಮತ್ತೆ ಮುಂಗಡ ಬಂದವು. ಆದರೂ ಈ ಸಲ ವೇಶ್ಯೆಯರಿಗೂ ಗೇಶಾಗಳಿಗೂ ಪರವಾನಗಿ ಬೇರೆ ಬೇರೆಯಾಗಿತ್ತು.

ಸೋಜಿಗವೆಂದರೆ, ಅದೇ 1872ರ ವಸಂತದಲ್ಲಿ ಕ್ಯೋತೊದ ಗಿಯೋನ್ ಬಡಾವಣೆಯ ಗೇಶಾಗಳು ಮೊದಲ ಬಾರಿಗೆ ಸಾರ್ವಜನಿಕ ರಂಗವೇರಿದ್ದರು. ರಾಜಧಾನಿ ಟೋಕಿಯೊಕ್ಕೆ ಹೋಗಿ ಕ್ಯೋತೊ ಬಡವಾಗಿತ್ತು. ಊರಿಗೆ ಜನರನ್ನು ಸೆಳೆಯಲು ನಡೆಸಿದ ವಸ್ತುಪ್ರದರ್ಶನದ ಅಂಗವಾಗಿ 'ಮಿಯಾಕೊ ಒದೊರಿ' ಎಂಬ ಸಮೂಹನೃತ್ಯ ಏರ್ಪಾಡಾಯಿತು. ಸಂಯೋಜಿಸಿದವರು ಇನೊಯುಎ ಪರಂಪರೆಯ ಮೂರನೆಯ ಯಾಚಿಯೊ. ಅಲ್ಲಿಯವರೆಗೆ ನಾಲ್ಕಾರು ಜನರ ಕೋಣೆಯಲ್ಲಿ ಒಬ್ಬಿಬ್ಬರು ಕುಣಿಯುತ್ತಿದ್ದ ನೃತ್ಯ ಟಿಕೆಟ್ ಕೊಂಡ ಯಾರಾದರೂ ನೋಡಬಹುದಾದ ಕಲೆಯಾಯಿತು. ಈ ಪರಂಪರೆಯ ನಾಲ್ಕನೆಯ ಯಾಚಿಯೊ ಅವರನ್ನು 1955ರಲ್ಲಿ ಜಪಾನ್ ಸರ್ಕಾರ 'ಜೀವಂತ ರಾಷ್ಟ್ರೀಯ ನಿಧಿ' ಎಂದು ಗೌರವಿಸಿತು. ಐದನೆಯವರಾದ ಅವರ ಮೊಮ್ಮಗಳಿಗೂ 2015ರಲ್ಲಿ ಅದೇ ಗೌರವ ಸಂದಿತು.

ಮೇಜಿ ಕಾಲದ ರಾಜಕಾರಣಿಗಳಿಗೆ ಗೇಶಾಗಳ ಮನೆ ಎರಡನೆಯ ಸಂಸತ್ತಿನಂತಿತ್ತು. ಕ್ರಾಂತಿಕಾರಿ ಕಿದೊ ತಾಕಾಯೋಶಿ ತನ್ನನ್ನು ಬಚ್ಚಿಟ್ಟು ಕಾಪಾಡಿದ ಕ್ಯೋತೊದ ಗೇಶಾಳನ್ನೇ ಮದುವೆಯಾದ. ಮೊದಲ ಪ್ರಧಾನಿ ಇತೊ ಹಿರೊಬುಮಿಯ ಪತ್ನಿಯೂ ಗೇಶಾ ಆಗಿದ್ದವಳು. ಟೋಕಿಯೊದ ಗೇಶಾ ಸಾದಾಯಾಕ್ಕೊ ನಟ ಕಾವಾಕಾಮಿ ಒತೊಜಿರೊನನ್ನು ಮದುವೆಯಾಗಿ, 1899ರಲ್ಲಿ ಅಮೆರಿಕಕ್ಕೆ ಹೋಗಿ, 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಯುರೋಪನ್ನು ಬೆರಗುಗೊಳಿಸಿದಳು. 1908ರಲ್ಲಿ ನಟಿಯರಿಗಾಗಿ ತರಬೇತಿ ಶಾಲೆ ತೆರೆದಳು. ಇಂಥ ಗಟ್ಟಿಗಿತ್ತಿಯನ್ನು ಕಣ್ಣಾರೆ ಕಂಡ ಯುರೋಪು ನೆನಪಿಟ್ಟುಕೊಂಡದ್ದು ಮಾತ್ರ ಬೇರೊಬ್ಬಳನ್ನು. 1904ರ ಪುಚ್ಚೀನಿಯ 'ಮದಾಮಾ ಬಟರ್‌ಫ್ಲೈ' ಗೀತನಾಟಕದ ನಾಯಕಿ, ಅಮೆರಿಕದ ನೌಕಾಧಿಕಾರಿಗಾಗಿ ಕಾದು ಕಾದು ಪ್ರಾಣ ಬಿಡುವ ಆ ಕಲ್ಪಿತ ಗೇಶಾ, ಇಂದಿಗೂ ಪಶ್ಚಿಮದ ರಂಗಗಳಲ್ಲಿ ಅಳುತ್ತಿದ್ದಾಳೆ.

ಊರಿನ ಹೆಸರಾಂತ ಬಡಾವಣೆಗಳ ಕಥೆ ಇದಾದರೆ ಬಿಸಿನೀರ ಬುಗ್ಗೆಗಳ ಊರುಗಳಲ್ಲಿದ್ದ ಗೇಶಾಗಳ ಕಥೆ ಬೇರೆ. 1925ರಲ್ಲಿ ಹುಟ್ಟಿದ ಮಾಸುದಾ ಸಾಯೊ ಎಂಬಾಕೆಯನ್ನು ಹನ್ನೆರಡನೆಯ ವಯಸ್ಸಿನಲ್ಲಿ ಸುವಾ ಎಂಬಲ್ಲಿನ ಗೇಶಾ ಮನೆಗೆ ಮಾರಿದರು. ಆಕೆ ಶಾಲೆಯ ಮುಖ ಕಂಡವಳಲ್ಲ. ದೊಡ್ಡವಳಾದ ಮೇಲೆ ಅಕ್ಷರ ಕಲಿತು, ಚೀನೀ ಲಿಪಿಯ ಗೊಡವೆಯಿಲ್ಲದೆ ಬರೀ ಸರಳ ಹಿರಾಗಾನಾ ಅಕ್ಷರಗಳಲ್ಲಿ ತನ್ನ ಬದುಕನ್ನು ಬರೆದಳು. 1957ರಲ್ಲಿ ಅದು ಪುಸ್ತಕವಾಯಿತು. ಹಸಿವು, ಹೊಡೆತ, ತಮ್ಮನಿಗಾಗಿ ಪಟ್ಟ ಪಾಡು ಅದರಲ್ಲಿವೆ. 1997ರ ಅಮೆರಿಕದ ಜನಪ್ರಿಯ ಕಾದಂಬರಿಯನ್ನೋ 2005ರ ಅದರ ಸಿನಿಮಾವನ್ನೋ ನೋಡಿ ಗೇಶಾಗಳನ್ನು ಅರಿತೆನೆಂದುಕೊಂಡವರು ಸಾಯೊ ಅವರ ಪುಸ್ತಕದ ಇಂಗ್ಲಿಷ್ ಅನುವಾದವನ್ನು ಓದಬೇಕು.

ನಮ್ಮ ಓದುಗರಿಗೆ ಇಲ್ಲಿ ದೇವದಾಸಿ ಪದ್ಧತಿ ನೆನಪಾಗುವುದು ಸಹಜ. ಹೋಲಿಕೆಯನ್ನು ಎಚ್ಚರದಿಂದ ಮಾಡಬೇಕು. ಗೇಶಾ ಯಾವ ದೇವರಿಗೂ ಸಮರ್ಪಿತಳಲ್ಲ. ಆಕೆಯನ್ನು ಕಟ್ಟಿದ್ದು ಕರಾರು. ಮದುವೆಯಾಗಬಯಸಿದರೆ ವೃತ್ತಿ ಬಿಡುತ್ತಾಳೆ, ಅಷ್ಟೆ. ದಕ್ಷಿಣ ಭಾರತದಲ್ಲಿ ಪದ್ಧತಿಯೊಂದಿಗೆ ಆ ಮನೆತನದ ಹೆಂಗಸರೂ ರಂಗದಿಂದ ಬಹುಪಾಲು ಮರೆಯಾದರು, ನೃತ್ಯ ಇತರರ ಕೈಗೆ ಹೋಯಿತು. ಜಪಾನಿನಲ್ಲಿ ಸಾಲದ ಕಟ್ಟು ಕಳಚಿದ ಮೇಲೂ ಕಲೆ ಅವರ ಕೈಯಲ್ಲೇ ಉಳಿಯಿತು.

ಆ ಕಟ್ಟು ಕಳಚಿದ್ದು ಎರಡನೆಯ ಮಹಾಯುದ್ಧದ ನಂತರ. 1920ರ ದಶಕದಲ್ಲಿ ದೇಶದಲ್ಲಿ ಸುಮಾರು 80,000 ಗೇಶಾಗಳಿದ್ದರು. 1944ರಲ್ಲಿ ಸರ್ಕಾರ ಅವರ ಮನೆಗಳನ್ನು ಮುಚ್ಚಿಸಿ ಅನೇಕರನ್ನು ಕಾರ್ಖಾನೆಗೆ ಕಳಿಸಿತು. ಯುದ್ಧ ಮುಗಿದ ಮೇಲೆ ಬಂದ ಅಮೆರಿಕದ ಸೈನಿಕರು ಬೀದಿಯಲ್ಲಿ ಕಂಡ ಹೆಂಗಸರನ್ನೆಲ್ಲ 'ಗೇಶಾ ಗರ್ಲ್' ಎಂದು ಕರೆದು ಹೆಸರನ್ನು ಇನ್ನಷ್ಟು ಕೆಡಿಸಿದರು. 1947ರ ಕಾರ್ಮಿಕ ಮತ್ತು ಮಕ್ಕಳ ಕಲ್ಯಾಣ ಕಾನೂನುಗಳು, ಕಡ್ಡಾಯ ಶಿಕ್ಷಣ ಇವುಗಳಿಂದ ಮಕ್ಕಳನ್ನು ಮನೆಗೆ ಸೇರಿಸಿಕೊಳ್ಳುವುದು ನಿಂತಿತು. 1956ರಲ್ಲಿ ಅಂಗೀಕಾರವಾದ ವೇಶ್ಯಾವೃತ್ತಿ ತಡೆ ಕಾನೂನು 1958ರಲ್ಲಿ ಪೂರ್ತಿಯಾಗಿ ಜಾರಿಗೆ ಬಂದು ಯೋಶಿವಾರಾದ ದೀಪ ಆರಿತು. ಒಯಿರಾನ್ ಇಲ್ಲವಾದಳು, ಗೇಶಾ ಉಳಿದಳು.

ಇಂದು ಅವರ ಸಂಖ್ಯೆ ಸಾವಿರದ ಆಸುಪಾಸಿಗೆ ಇಳಿದಿದೆ. ಕ್ಯೋತೊದಲ್ಲಿ ಗೇಶಾಗಳನ್ನು 'ಗೇಕೊ' ಎಂದೂ ಅಭ್ಯಾಸಿಗಳನ್ನು 'ಮೈಕೊ' ಎಂದೂ ಕರೆಯುತ್ತಾರೆ. ಅಲ್ಲಿ ಐದು ಬಡಾವಣೆಗಳು ಇನ್ನೂ ಜೀವಂತವಾಗಿವೆ. ಈಗಿನ ಮೈಕೊ ಹದಿನೈದು ತುಂಬಿ, ಶಾಲೆ ಮುಗಿಸಿ, ತಾನೇ ಬಯಸಿ ಬರುತ್ತಾಳೆ. ಐದಾರು ವರ್ಷದ ಕಲಿಕೆಯ ವೆಚ್ಚವನ್ನು ಮನೆ ಭರಿಸುತ್ತದೆ, ಅದರ ಬದಲಿಗೆ ಆಕೆ ದುಡಿಯುತ್ತಾಳೆ. ಹಾಗೆಂದು ಸಾಲದ ಪುಸ್ತಕವನ್ನು ಮುಚ್ಚಿಟ್ಟುಬಿಡುವಂತಿಲ್ಲ. 2022ರಲ್ಲಿ ಮಾಜಿ ಮೈಕೊ ಒಬ್ಬಳು, ಅಪ್ರಾಪ್ತ ವಯಸ್ಸಿನಲ್ಲಿ ತನಗೆ ಮದ್ಯ ಕುಡಿಸಿದ್ದನ್ನೂ ಗಿರಾಕಿಗಳ ಅನುಚಿತ ವರ್ತನೆಯನ್ನೂ ಆರೋಪಿಸಿ ಬಹಿರಂಗವಾಗಿ ಬರೆದಾಗ, ಈ ಹುಡುಗಿಯರು ಅಭ್ಯಾಸಿಗಳೋ ಕಾರ್ಮಿಕರೋ ಎಂಬ ಚರ್ಚೆ ಜಪಾನಿನಲ್ಲಿ ಮತ್ತೆ ಎದ್ದಿತು. ಕಾರ್ಮಿಕಳೆಂದಾದರೆ ಕೆಲಸದ ಗಂಟೆಗಳನ್ನೂ ಸಂಬಳವನ್ನೂ ಕಾನೂನು ಕೇಳುತ್ತದೆ.

ನಮ್ಮಂಥ ಕ್ಯಾಮೆರಾದವರಿಗೆ ಸಂಬಂಧಿಸಿದ ಇನ್ನೊಂದು ಮಾತಿದೆ. ಗಿಯೋನ್ ಬೀದಿಗಳಲ್ಲಿ ಪ್ರವಾಸಿಗಳು ಮೈಕೊಗಳ ಕಿಮೊನೊ ಹಿಡಿದೆಳೆಯುವುದು, ದಾರಿಗಡ್ಡ ನಿಂತು ಚಿತ್ರ ತೆಗೆಯುವುದು ಮಿತಿಮೀರಿ, 2019ರಲ್ಲಿ ಅಲ್ಲಿನ ನಿವಾಸಿಗಳು ಖಾಸಗಿ ಓಣಿಗಳಲ್ಲಿ ಚಿತ್ರ ತೆಗೆದರೆ 10,000 ಯೆನ್ ದಂಡವೆಂದು ಫಲಕ ಹಾಕಿದರು. 2024ರಲ್ಲಿ ಆ ಓಣಿಗಳಿಗೆ ಪ್ರವಾಸಿಗಳ ಪ್ರವೇಶವನ್ನೇ ನಿಷೇಧಿಸಿದರು. ಸಂಜೆಯ ಹೊತ್ತು ಆ ಓಣಿಯಲ್ಲಿ ಸರಸರನೆ ನಡೆದುಹೋಗುವ ಹುಡುಗಿ ಕೆಲಸಕ್ಕೆ ಹೊರಟವಳು. ಆಕೆಯನ್ನು ನೋಡಬೇಕೆಂದರೆ ಏಪ್ರಿಲ್ ತಿಂಗಳಲ್ಲಿ ಗಿಯೋನ್‌ನ ರಂಗಮಂದಿರಕ್ಕೆ ಹೋಗಬೇಕು. ಅಲ್ಲಿ ಟಿಕೆಟ್ ಕೊಂಡು ಕುಳಿತವರ ಮುಂದೆ ಎರಡೂ ಪಕ್ಕದ ದಾರಿಗಳಿಂದ ನೃತ್ಯಗಾತಿಯರ ಸಾಲು ರಂಗಕ್ಕೆ ಬರುತ್ತದೆ. ಬದಿಯಲ್ಲಿ ಸಾಲಾಗಿ ಕುಳಿತು ಶಮಿಸೆನ್ ನುಡಿಸುವವರು ಹಿರಿಯ ಗೇಕೊಗಳು. ಅವರಲ್ಲಿ ಕೆಲವರು ಹದಿನೈದನೆಯ ವಯಸ್ಸಿನಿಂದ ಆ ವಾದ್ಯವನ್ನು ಕೆಳಗಿಟ್ಟವರಲ್ಲ.